ಹಲ್ಲಕ್ಕ ಕಟ್ಟಿದ ಮೂರು ಹಲ್ಲು

ಆ ಊರಿನಲ್ಲಿ ನಗುವವರಲ್ಲಿ ಅರ್ಧಕ್ಕರ್ಧ ಜನ ಹಲ್ಲಕ್ಕನ ಹಲ್ಲಿನಿಂದಲೇ ನಗುತ್ತಿದ್ದರು. ಉಳಿದವರಿಗೆ ಇನ್ನೂ ಸರದಿ ಬಂದಿರಲಿಲ್ಲ, ಅಷ್ಟೆ. ಆದರೆ ಬೀದಿಯಲ್ಲಿ ಎದುರಾದಾಗ “ಏನಕ್ಕ, ಚೆನ್ನಾಗಿದ್ದೀಯಾ?” ಎಂದವರು ಒಬ್ಬರೂ ಇಲ್ಲ. ಅನ್ನುವುದಾದರೂ ಹೇಗೆ? ಹಲ್ಲು ಕಟ್ಟುವವಳನ್ನು ಮಾತಾಡಿಸಿದರೆ, ‘ಓಹೋ, ಇವರದ್ದೂ ಕಟ್ಟಿಸಿದ್ದೇ!’ ಎಂದು ನೋಡಿದವರಿಗೆ ತಿಳಿದುಹೋಗುವುದಿಲ್ಲವೇ? ಹೀಗಾಗಿ ಬ್ಯಾಂಕಿನ ಗುಮಾಸ್ತ ಅವಳನ್ನು ಕಂಡೊಡನೆ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ. ಶಾಲೆಯ ಹೆಡ್ ಮೇಡಂ ಅಂಗಡಿಯೆದುರು ತೂಗುಹಾಕಿದ ಬಕೆಟ್ಟುಗಳನ್ನು ಹುಟ್ಟಿದ ಮೇಲೆ ಮೊದಲ ಸಲ ಕಂಡವರಂತೆ ನೋಡುತ್ತ ನಿಂತುಬಿಡುತ್ತಿದ್ದರು. ಪುರಸಭೆಯ ಅಧ್ಯಕ್ಷರದ್ದಂತೂ ಮೇಲಿನದು, ಕೆಳಗಿನದು, ಎರಡೂ ಸೆಟ್ಟು ಅವಳ ಕೈಯದ್ದೇ. ಅವರು ರಸ್ತೆಯನ್ನೇ ದಾಟಿ ಆಚೆ ಹೋಗಿಬಿಡುತ್ತಿದ್ದರು.

ಹಲ್ಲಿನ ಡಾಕ್ಟರು ಮುಂದಿನ ಕೋಣೆಯಲ್ಲಿ ಕೀಳುವವರು, ಹಲ್ಲಕ್ಕ ಹಿಂದಿನ ಕೋಣೆಯಲ್ಲಿ ಕಟ್ಟುವವಳು. ಮುಂದಿನ ಕೋಣೆಗೆ ಫ್ಯಾನು, ಮೆತ್ತನೆಯ ಕುರ್ಚಿ, ಮೀನಿನ ತೊಟ್ಟಿ. ಹಿಂದಿನ ಕೋಣೆಗೆ ಒಂದೇ ಕಿಟಕಿ, ಅದೂ ಪಕ್ಕದ ಮನೆಯ ಗೋಡೆ ನೋಡಿಕೊಂಡು ಕೂತದ್ದು. ಅಲ್ಲಿ ಊರವರ ಒಸಡಿನ ಅಚ್ಚುಗಳನ್ನು ಎದುರಿಗಿಟ್ಟುಕೊಂಡು, ಸ್ಪಿರಿಟ್ ದೀಪದ ಮೇಲೆ ಮೇಣ ಕರಗಿಸಿ, ಒಂದೊಂದೇ ಹಲ್ಲು ಕೂರಿಸಿ ಕೂರಿಸಿ ಅವಳ ಬೆನ್ನು ಬಾಗಿತ್ತು. ನಾಲಿಗೆ ಮಾತ್ರ ನೆಟ್ಟಗೇ ಇತ್ತು.

“ಮುತ್ತಿನಂಥ ಹಲ್ಲು ಯಾರು ಬೇಕಾದ್ರೂ ಮಾಡ್ತಾರೆ. ಬಾಯಲ್ಲಿ ಮುತ್ತಿಟ್ಕೊಂಡು ಓಡಾಡೋರು ಯಾರಾದ್ರೂ ಇದಾರಾ?” ಎಂದು ಕೇಳುವುದು ಅವಳ ವಾಡಿಕೆ. ಹಳೆಯ ಫೋಟೋ ಒಂದನ್ನು ತರಿಸಿಕೊಳ್ಳುತ್ತಿದ್ದಳು. ಬೀಡಿ ಸೇದುವವನಾದರೆ ಹಲ್ಲಿನ ಸಂದಿಗೆ ಸ್ವಲ್ಪ ಕಂದು ಬಣ್ಣ. ದಾರ ಕಚ್ಚಿ ಹರಿಯುವ ದರ್ಜಿಯಾದರೆ ಮುಂದಿನ ಹಲ್ಲಿನ ತುದಿಯಲ್ಲಿ ಒಂದು ಸಣ್ಣ ಕಚ್ಚು. ಒಂದರ ಮೇಲೊಂದು ಏರಿ ಕೂತಿದ್ದರೆ ಏರಿಸಿಯೇ ಕೂರಿಸುವುದು. ದೇವರು ಕೊಟ್ಟಾಗ ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಲು ನಾನ್ಯಾರು ಎನ್ನುತ್ತಿದ್ದಳು. ವಿನಯ ಅಂತ ತಿಳಿಯಬೇಡಿ. ದೇವರಿಗಿಂತ ಚೆನ್ನಾಗಿ ಸೊಟ್ಟ ಮಾಡುತ್ತೇನೆ ಎಂಬ ಕೊಬ್ಬು ಅದು.

ಕೆಲಸಕ್ಕೆ ಸೇರಿದ ದಿನ ಡಾಕ್ಟರು ಎರಡು ಮಾತು ಹೇಳಿಕೊಟ್ಟಿದ್ದರು. ಒಂದು: “ಹಲ್ಲು ನಿಂದು, ಬಾಯಿ ಅವರದು. ಯಾರದ್ದು ಕಟ್ಟಿದ್ದು, ಯಾರದ್ದು ಹುಟ್ಟಿದ್ದು ಅನ್ನೋದು ಈ ಕೋಣೆ ದಾಟಿ ಹೋಗಬಾರದು.” ಎರಡು: “ಬಾಯಿ ಇದ್ದವನು ಬಂದು, ಕನ್ನಡಿ ನೋಡಿ, ಹೂಂ ಅನ್ನೋವರೆಗೆ ಎಲ್ಲ ಮೇಣದಲ್ಲೇ ಇರಲಿ.” ಮೇಣದಲ್ಲಿ ಕೂರಿಸಿದ ಹಲ್ಲನ್ನು ಬಿಸಿನೀರು ತಾಗಿಸಿ ತೆಗೆಯಬಹುದು, ತಿದ್ದಬಹುದು. ಗಟ್ಟಿ ಮಾಡಿಬಿಟ್ಟರೆ ಮುಗಿಯಿತು, ಅವನು ಸಾಯುವ ತನಕ ಬೈಯುತ್ತಾನೆ. ಈ ಎರಡು ಮಾತನ್ನು ಹಲ್ಲಕ್ಕ ಒಮ್ಮೆಯೂ ಮೀರಿದವಳಲ್ಲ.

ಆದರೆ ಒಂದು ಸಂಕಟ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ದರ್ಜಿಯ ಹೊಲಿಗೆಯನ್ನು ಹೊಗಳುವವರಿದ್ದಾರೆ, ಬಡಗಿಯ ಬಾಗಿಲನ್ನು ಹೊಗಳುವವರಿದ್ದಾರೆ. ಗುಂಡಿ ತೋಡುವವನಿಗೂ “ಚೆನ್ನಾಗಿ ತೋಡಿದ್ದೀಯಪ್ಪ” ಎಂದವರಿದ್ದಾರೆ. ಹಲ್ಲು ಕಟ್ಟುವವಳ ಕೆಲಸ ಚೆನ್ನಾಗಿದ್ದಷ್ಟೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಟ್ಟರೆ ಮಾತ್ರ ಬೈಗುಳ, ಅದೂ ಗುಟ್ಟಾಗಿ. ಇಡೀ ಜೀವಮಾನದಲ್ಲಿ ಒಬ್ಬರೇ ಒಬ್ಬರು “ಎಂಥ ಹಲ್ಲು!” ಎಂದದ್ದನ್ನು ಅವಳು ಕೇಳಿರಲಿಲ್ಲ. ಕೇಳಬೇಕೆಂಬ ಆಸೆ ಮಾತ್ರ ಸತ್ತಿರಲಿಲ್ಲ.

ಗಂಡ ತೀರಿಕೊಂಡಾಗ ಅವಳಿಗೆ ಬಿಟ್ಟುಹೋದದ್ದು ಒಂದು ಹೆಂಚಿನ ಮನೆ, ತನ್ನ ಒಬ್ಬಳು ತಂಗಿ. ಮನೆ ಸೋರುತ್ತಿತ್ತು, ತಂಗಿ ಸಿಡುಕುತ್ತಿದ್ದಳು. ಮನೆಯನ್ನಾದರೂ ರಿಪೇರಿ ಮಾಡಿಸಬಹುದಿತ್ತು. ಅತ್ತಿಗೆ ನಾದಿನಿಯರದು ಎಣ್ಣೆ ಸೀಗೇಕಾಯಿ ಸಂಬಂಧ. ಒಬ್ಬಳು ಕಿಟಕಿ ತೆರೆದರೆ ಇನ್ನೊಬ್ಬಳಿಗೆ ಥಂಡಿ, ಒಬ್ಬಳು ಮುಚ್ಚಿದರೆ ಇನ್ನೊಬ್ಬಳಿಗೆ ಉಸಿರು ಕಟ್ಟುವುದು. ಬೇರೆ ಬೇರೆ ಇರೋಣವೆಂದು ಇಬ್ಬರೂ ಸಾವಿರ ಸಲ ಹೇಳಿದ್ದರು, ಒಬ್ಬಳೂ ಪೆಟ್ಟಿಗೆ ಕಟ್ಟಿದವಳಲ್ಲ.

ಈ ನಾದಿನಿ ಸಾಮಾನ್ಯಳಲ್ಲ. ಬಸ್ ನಿಲ್ದಾಣದ ಮೈಕಿನ ಹಿಂದಿನ ಧ್ವನಿ ಅವಳೇ. “ಪ್ರಯಾಣಿಕರ ಗಮನಕ್ಕೆ” ಎಂದು ಅವಳು ಶುರುಮಾಡಿದರೆ ನಾಯಿಗಳೂ ಕಿವಿ ನಿಮಿರಿಸುತ್ತಿದ್ದವು. ಬಸ್ಸು ತಡವಾದರೂ ಚಿಂತೆಯಿಲ್ಲ, ತಡ ಎಂಬುದನ್ನು ಇವಳ ಬಾಯಲ್ಲಿ ಕೇಳಬೇಕು ಎನ್ನುತ್ತಿದ್ದರು ಜನ. ಒಂದೊಂದು ಅಕ್ಷರವೂ ತೊಳೆದಿಟ್ಟ ಪಾತ್ರೆಯ ಹಾಗೆ. ಮದುವೆಯಾಗಲಿಲ್ಲ, ನೋಡಲು ಬಂದವರ ಉಚ್ಚಾರಣೆ ತಿದ್ದಿ ಕಳಿಸುತ್ತಿದ್ದಳು.

ಅಂಥವಳು ಒಂದು ದಿನ ನಿಲ್ದಾಣದ ಒದ್ದೆ ನೆಲದಲ್ಲಿ ಜಾರಿ ಬಿದ್ದಳು. ಮುಂದಿನ ಹಲ್ಲು ಮುರಿದವು, ಮುರಿದವುಗಳ ಹಿಂದೆಯೇ ಉಳಿದವೂ ಹೊರಟವು. ಬೆನ್ನುನೋವೆಂದು ರಜೆ ಹಾಕಿ ಬಾಗಿಲು ಮುಚ್ಚಿಕೊಂಡು ಕೂತಳು. ಹಲ್ಲಕ್ಕ ಕಟ್ಟಿದಳು. ಒಂದು ಹಲ್ಲಿನ ಮೇಲೆ ಇನ್ನೊಂದು ಚೂರು ಏರಿದ್ದನ್ನೂ ಬಿಡದೆ ಕಟ್ಟಿದಳು. ‘ಸ’ ಎನ್ನುವಾಗ ಸೀಟಿ ಹೊಡೆಯುತ್ತಿದ್ದುದು ನಿಲ್ಲುವ ತನಕ ಮೇಣದಲ್ಲೇ ಇಟ್ಟು ತೀಡಿದಳು. ನಾದಿನಿ ಮೈಕಿಗೆ ವಾಪಸು ಹೋದಳು, ಊರಿಗೆ ಒಂದಿಷ್ಟೂ ಸುಳಿವು ಸಿಗಲಿಲ್ಲ.

ಊರಿಗೆ ಸುಳಿವು ಕೊಡದಿದ್ದರೆ ಹೋಗಲಿ, ಆ ಪುಣ್ಯಾತ್ಗಿತ್ತಿ ಮನೆಯೊಳಗೂ ಒಪ್ಪಿಕೊಳ್ಳಲಿಲ್ಲ! ರಾತ್ರಿ ಹಲ್ಲು ಬಿಚ್ಚಿಡುವ ಮುಚ್ಚಳದ ಲೋಟ ಬಚ್ಚಲಿನಲ್ಲಿತ್ತು. ಅದು ಯಾರದ್ದೆಂದು ಇಬ್ಬರಿಗೂ ಗೊತ್ತಿಲ್ಲದ ಹಾಗೆ ವರ್ಷಗಟ್ಟಲೆ ನಡೆಯಿತು. ಒಸಡಿಗೆ ಒತ್ತಿದಾಗಲೆಲ್ಲ ನಾದಿನಿ ಕೆನ್ನೆ ಹಿಡಿದುಕೊಂಡು ಬರುತ್ತಿದ್ದಳು.

“ಅತ್ತಿಗೆ, ಯಾಕೋ ಹಲ್ಲುನೋವು.”

“ಲವಂಗ ಕಚ್ಕೊ,” ಎನ್ನುತ್ತಿದ್ದಳು ಹಲ್ಲಕ್ಕ, ಮುಖದ ಒಂದು ಗೆರೆಯೂ ಅಲುಗದಂತೆ. ತಾನೇ ಕಟ್ಟಿದ ಹಲ್ಲು ಲವಂಗ ಕಚ್ಚಿಕೊಂಡು ಕೂತಿರುವುದನ್ನು ನೋಡಿ ಅಡುಗೆಮನೆಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಗುವುದು. ನಕ್ಕು ಮುಗಿದ ಮೇಲೆ ಸ್ವಲ್ಪ ಬೇಜಾರಾಗುತ್ತಿತ್ತು. ಇವಳಾದರೂ ಒಂದು ಮಾತು ಹೇಳಬಹುದಿತ್ತಲ್ಲ ಅನ್ನಿಸುತ್ತಿತ್ತು.

ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಕೆಲಸದಿಂದ ಬಿಡುಗಡೆಯಾದರು. ಡಾಕ್ಟರ ಮಗ ಹಲ್ಲು ಮಾಡುವ ಯಂತ್ರ ತಂದ. ಹಲ್ಲಕ್ಕ ತನ್ನ ಸ್ಪಿರಿಟ್ ದೀಪ, ಮೇಣ, ಸಣ್ಣ ಚಾಕು, ಅರ, ಹಲ್ಲು ಕಟ್ಟುವ ಅಳಿದುಳಿದ ಪುಡಿ ಎಲ್ಲ ಕಟ್ಟಿಕೊಂಡು ಬಂದು ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡಳು. ನಾದಿನಿಗೆ ಮೈಕಿಲ್ಲದೆ ಬಾಯಿ ತುರಿಸುತ್ತಿತ್ತು. “ಸ್ನಾನದ ನೀರು ಸಿದ್ಧವಾಗಿದೆ, ಹೋಗುವವರು ಕೂಡಲೇ ಹೊರಡತಕ್ಕದ್ದು,” ಎಂದು ಇಬ್ಬರೇ ಇರುವ ಮನೆಯಲ್ಲಿ ಸಾರುವವಳು. ಇದನ್ನು ತಡೆಯಲಾರದೆ ಹಲ್ಲಕ್ಕನೇ ಅವಳನ್ನು ಹೊರಗೆ ಅಟ್ಟಲು ಶುರುಮಾಡಿದಳು. ಹಾಗೆ ಅಟ್ಟಿಸಿಕೊಂಡ ನಾದಿನಿ ಒಂದು ಭಾನುವಾರ ಆ ದಂಡೆಯನ್ನು ಕಂಡುಹಿಡಿದಳು.

ಪಾಳುಬಿದ್ದ ಐಸ್ ಫ್ಯಾಕ್ಟರಿಯ ಹಿಂದಿನ ಸಮುದ್ರದಂಡೆ. ಮರಳಿಲ್ಲ, ನೆರಳಿಲ್ಲ, ತಿನ್ನಲು ಏನೂ ಸಿಗುವುದಿಲ್ಲ; ಹಾಗಾಗಿ ಜನವೂ ಇಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಎರಡಾಳೆತ್ತರದ ಬಿಳಿಕಲ್ಲಿನ ದಿಣ್ಣೆ. ಉಗುರಿನಿಂದ ಕೆರೆದರೂ ಪುಡಿ ಉದುರುವ ಕಲ್ಲು. ಅದರ ಬಿರುಕು ಬಿರುಕಿನಲ್ಲೂ ಕಾಡುಹೂಗಳು, ಯಾರೂ ನೆಡದೆ, ಯಾರೂ ನೀರೆರೆಯದೆ ಎದ್ದು ಕೂತಿದ್ದವು. ಅಲ್ಲಿಗೆ ಇಳಿಯುವ ದಾರಿ ಕಡಿದು. ನಾದಿನಿಯ ಮಂಡಿ ಕೆಟ್ಟಿತ್ತು, ಒಪ್ಪಿಕೊಳ್ಳುವವಳಲ್ಲವಲ್ಲ ಅವಳು. ಹತ್ತುವಾಗ ಹಿಂದಿನಿಂದ ತಳ್ಳಲು ಯಾರಾದರೂ ಬೇಕು ಎಂದು ಹಲ್ಲಕ್ಕ ಗೊಣಗುತ್ತಲೇ ಜೊತೆಗೆ ಹೊರಟಳು. ಹೂವೆಂದರೆ ಅವಳಿಗೆ ಅಷ್ಟಕ್ಕಷ್ಟೆ. ತಿನ್ನಲು ಬರುವುದಿಲ್ಲ, ಕಚ್ಚಲು ಬರುವುದಿಲ್ಲ ಎನ್ನುತ್ತಿದ್ದಳು.

ಬೇರೆಯವರಾಗಿದ್ದರೆ ಹೂವಿನ ಪುಸ್ತಕ ತೆರೆದು ಹೆಸರು ಹುಡುಕುತ್ತಿದ್ದರು. ನಾದಿನಿಗೆ ಪುಸ್ತಕಗಳ ಮೇಲೆ ನಂಬಿಕೆಯಿಲ್ಲ. ಬಸ್ಸಿನ ವೇಳಾಪಟ್ಟಿಯನ್ನು ಜೀವಮಾನವಿಡೀ ಗಟ್ಟಿಯಾಗಿ ಓದಿದವಳು. ಹೆಸರೆಲ್ಲ ಅವಳೇ ಇಟ್ಟಳು. ಬಟ್ಟೆಗೆ ಅಂಟಿಕೊಂಡು ಪುಕ್ಕಟೆ ಊರು ಸೇರುವ ಬೀಜದ ಗಿಡ ‘ಟಿಕೆಟ್ಟಿಲ್ಲದವ’. ಎಲ್ಲ ಮುಚ್ಚಿಕೊಂಡ ಮೇಲೆ ಸಂಜೆ ಅರಳುವ ಹಳದಿ ಹೂ ‘ಕೊನೇ ಬಸ್ಸು’. ಪಕ್ಕದವರ ಮೇಲೆಲ್ಲ ಕೈಚಾಚಿ ಜಾಗ ಹಿಡಿಯುವ ಬಳ್ಳಿ ‘ಕಿಟಕಿ ಸೀಟಿನವಳು’. ಒಂದು ಮಾತ್ರ ಉಳಿದವುಗಳ ಹಾಗಿರಲಿಲ್ಲ. ದಿಣ್ಣೆಯ ನಡುವಿನ ಬೋಳುಕಲ್ಲಿನ ಪಟ್ಟಿಯ ಮೇಲೆ ಮಾತ್ರ ಬರುತ್ತಿತ್ತು. ಅಂಗೈಗಿಂತ ಚಿಕ್ಕ ಗಿಡ, ಮೈತುಂಬ ಮುಳ್ಳು, ಅದರ ನಡುವೆ ನೀಲಿ ಹೂ. ನಾದಿನಿ ದಂಡೆಯುದ್ದಕ್ಕೂ ಹುಡುಕಿದ್ದಳು, ಬೇರೆಲ್ಲೂ ಅದು ಸಿಕ್ಕಿರಲಿಲ್ಲ. ದಿನಾ ಬೆಳಿಗ್ಗೆ ಎದ್ದರೆ ಅದರದ್ದೇ ಮಾತು.

“ಇದಕ್ಕೇನು ಹೆಸರಿಟ್ಟೆ?” ಎಂದು ಹಲ್ಲಕ್ಕ ಕೇಳಿದಳು.

“ಅತ್ತಿಗೆ.”

“ಏನಂದೆ?”

“ಕಲ್ಲಿನ ಮೇಲೂ ಹಟ ಹಿಡಿದು ಬೆಳೆಯುತ್ತೆ, ವಾಸನೆ ಇಲ್ಲ, ಹತ್ತಿರ ಹೋದ್ರೆ ಚುಚ್ಚುತ್ತೆ. ಇನ್ನೇನಂತ ಇಡಲಿ?”

“ನಿನ್ನ ನಾಲಿಗೆಗೆ ಬೆಂಕಿ ಬೀಳ,” ಎಂದು ಹಲ್ಲಕ್ಕ ಮೂಗು ಮುರಿದಳು. ನಾದಿನಿ ಅತ್ತ ತಿರುಗಿದ ಮೇಲೆ ಗಿಡದ ಹತ್ತಿರ ಬಗ್ಗಿ ಚೆನ್ನಾಗಿ ನೋಡಿದಳು. ಹೂವೇನೋ ಪರವಾಗಿಲ್ಲ ಅನ್ನಿಸಿತು.

ಆ ವರ್ಷದ ಮಳೆಗಾಲದಲ್ಲಿ ಸಮುದ್ರ ಉಕ್ಕಿ ದಿಣ್ಣೆಯ ಒಂದು ಮಗ್ಗುಲು ಕುಸಿಯಿತು. ಮಳೆ ಬಿಟ್ಟದ್ದೇ ತಡ, ನಾದಿನಿ ಮಂಡಿಯನ್ನೂ ಮರೆತು ಓಡಿದಳು. ನೀಲಿ ಹೂವಿನ ಪಟ್ಟಿ ಉಳಿದಿತ್ತು. ಹಲ್ಲಕ್ಕ ಕೆಳಗೆ ಬಿದ್ದ ಕಲ್ಲುರಾಶಿಯ ಮೇಲೆ ಕೂತು ಚಪ್ಪಲಿಯಿಂದ ಕಲ್ಲುಪುಡಿ ಕೊಡವುತ್ತಿದ್ದಳು. ಕಾಲ ಬಳಿ ಒಂದು ಸಾಲು ಹಲ್ಲು ಅವಳನ್ನೇ ನೋಡಿ ಕಿಸಿಯುತ್ತಿದ್ದವು.

“ಏ, ಬಾ ಇಲ್ಲಿ! ಯಾರದ್ದೋ ಸೆಟ್ಟು ಬಿದ್ದುಹೋಗಿದೆ!” ಎಂದು ಕೂಗಿದಳು.

ಅದು ಯಾರ ಸೆಟ್ಟೂ ಅಲ್ಲ. ಮೊಳದುದ್ದದ ದವಡೆ, ಹಲ್ಲುಗಳೆಲ್ಲ ಚೂಪು, ಎಲ್ಲವೂ ಕಲ್ಲಾಗಿಹೋಗಿತ್ತು. ಸುತ್ತಮುತ್ತ ಕಲ್ಲಾದ ಚಿಪ್ಪುಗಳೂ ಬಿದ್ದಿದ್ದವು.

“ಕಲ್ಲು ತಾನೆ?” ಎಂದಳು ನಾದಿನಿ.

“ಕಲ್ಲೇ. ಆದ್ರೆ ಮೊದಲು ದವಡೆಯಾಗಿತ್ತು. ಕೆಳದವಡೆ. ಮೊಸಳೆ ಪೈಕಿ ಇರಬೇಕು, ಅದೂ ನಮ್ಮ ಮುತ್ತಜ್ಜಿಯ ಮುತ್ತಜ್ಜಿಗೂ ಮುಂಚಿನದು. ಅಯ್ಯೋ ಪಾಪ, ಮೂರು ಹಲ್ಲು ಹೋಗಿದೆ ನೋಡು.”

ಟವೆಲಿನಲ್ಲಿ ಸುತ್ತಿ ಮನೆಗೆ ತಂದರು. ಮುಂದಿನ ಸಲ ಹೋಗುವಷ್ಟರಲ್ಲಿ ಆ ಕಲ್ಲುರಾಶಿಯನ್ನು ಸಮುದ್ರ ಎಳೆದುಕೊಂಡು ಹೋಗಿ ಜಾಗವನ್ನು ನುಣ್ಣಗೆ ಮಾಡಿತ್ತು.

ದವಡೆ ಹಿಂದಿನ ಕೋಣೆಯ ಮೇಜಿನ ಮೇಲೆ ಕೂತಿತು. ಮೂರು ಸಂದು ಬಿಟ್ಟುಕೊಂಡು ಕೂತಿತು. ಬೇರೆ ಯಾರಾದರೂ ಅದನ್ನು ನೋಡಿ ಎಷ್ಟು ಹಳೆಯದೋ ಎಂದು ಬೆರಗಾಗುತ್ತಿದ್ದರು. ಹಲ್ಲಕ್ಕನಿಗೆ ಕಂಡದ್ದು ಆ ಮೂರು ಸಂದು ಮಾತ್ರ. ಅನ್ನ ಇಳಿಯಲಿಲ್ಲ. ಬಾಯಲ್ಲಿ ಸಂದು ಇಟ್ಟುಕೊಂಡು ಅವಳ ಮೇಜಿನಿಂದ ಯಾರೂ ಎದ್ದುಹೋಗಿರಲಿಲ್ಲ, ಈ ಮೊಸಳೆ ಯಾವ ಲೆಕ್ಕ? ಪುಡಿ ಕಲಸಿದಳು, ಪಕ್ಕದ ಹಲ್ಲುಗಳ ಅಚ್ಚು ತೆಗೆದಳು. ಚಹಾದ ನೀರಿನಲ್ಲಿ ಅದ್ದಿ, ದೀಪದ ಕಾಡಿಗೆ ತೀಡಿ, ಮರಳಿನಲ್ಲಿ ಉಜ್ಜಿ ಬಣ್ಣ ಹೊಂದಿಸಿದಳು. ಸೂಜಿಯಿಂದ ಕೂದಲೆಳೆಯಂಥ ಬಿರುಕು ಎಳೆದಳು. ಜೀವಮಾನದಲ್ಲಿ ಅಷ್ಟು ಚೆನ್ನಾದ ಹಲ್ಲನ್ನು ಅವಳು ಮಾಡಿರಲಿಲ್ಲ. ಕೊನೆಗೆ ಮೂರನ್ನೂ ಮೇಣದಲ್ಲಿ ಕೂರಿಸಿ ಹಿಂದೆ ಸರಿದು ನೋಡಿದಳು.

“ಮೇಣ ಯಾಕೆ? ಗಟ್ಟಿ ಮಾಡಿಬಿಡು,” ಎಂದಳು ಬಾಗಿಲಲ್ಲಿ ನಿಂತ ನಾದಿನಿ.

“ಬಾಯಿ ಇದ್ದವನು ಬಂದು ಹೂಂ ಅನ್ನಬೇಕಲ್ಲ.”

“ಅವನೆಲ್ಲಿಂದ ಬರ್ತಾನೆ?”

“ಬರ್ಲಿ, ಬರ್ದೇ ಇರ್ಲಿ. ಕ್ರಮ ಅಂದ್ರೆ ಕ್ರಮ.”

ಹೀಗಿರುವಾಗ ಐಸ್ ಫ್ಯಾಕ್ಟರಿಯ ಬಳಿ ಒಂದು ಫಲಕ ಎದ್ದಿತು. ದಂಡೆಗೆ ಕಾಂಕ್ರೀಟಿನ ಮೆಟ್ಟಿಲು, ಕಂಬಿ, ದೀಪ, ಫೋಟೋ ತೆಗೆಸಿಕೊಳ್ಳಲು ಕಟ್ಟೆ. ಅಧ್ಯಕ್ಷರ ಹಲ್ಲು ಬಿಟ್ಟ ಚಿತ್ರ ಒಂದು ಮೂಲೆಯಲ್ಲಿ. ಕಟ್ಟೆ ಬರುವುದು ದಿಣ್ಣೆಯ ನಡುವನ್ನು ಸೀಳಿ, ಸರಿಯಾಗಿ ನೀಲಿ ಹೂವಿನ ಪಟ್ಟಿಯ ಮೇಲೆ. ನಾದಿನಿ ಪುರಸಭೆಗೆ ಹೋಗಿ ಕೇಳಿದಳು. “ಹುಲ್ಲಿಗೋಸ್ಕರ ಅಭಿವೃದ್ಧಿ ನಿಲ್ಲಿಸೋಕಾಗುತ್ತೇನಮ್ಮ? ಕುಂಡದಲ್ಲಿ ಹಾಕಿ ಮನೇಲಿಟ್ಕೊಳ್ಳಿ,” ಎಂದು ಅಧ್ಯಕ್ಷರು ನಕ್ಕರು. ಹಲ್ಲಕ್ಕನ ಹಲ್ಲಿನಿಂದಲೇ ನಕ್ಕರು ಎಂಬುದನ್ನು ಮರೆಯಬೇಡಿ. ಆ ಗಿಡವನ್ನು ಕುಂಡಕ್ಕೆ ಹಾಕುವ ಪ್ರಯತ್ನವನ್ನು ನಾದಿನಿ ಮೊದಲೇ ಮಾಡಿ ನೋಡಿದ್ದಳು. ಎರಡೇ ದಿನದಲ್ಲಿ ಅದು ಸುಟ್ಟುಹೋದಂತೆ ಕಪ್ಪಾಗಿತ್ತು.

ಅಣ್ಣ ಸತ್ತ ದಿನವೂ ಅಳದ ಆ ಗಟ್ಟಿಗಿತ್ತಿ ಅವತ್ತು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತಳು. ಬಾಗಿಲಿಗೆ ಬೆನ್ನು ಮಾಡಿ, ಸದ್ದಿಲ್ಲದೆ ಅತ್ತಳು. ಹಲ್ಲಕ್ಕ ಹೊಸ್ತಿಲಲ್ಲಿ ನಿಂತು ನೋಡಿದಳು. ಈ ಮುದುಕಿಗೆ ಭೂಮಿಯ ಮೇಲೆ ತನ್ನದು ಅಂತ ಉಳಿದಿರುವುದು ಆ ಮುಳ್ಳುಗಿಡ ಒಂದೇ, ಅದಕ್ಕೂ ನನ್ನ ಹೆಸರಿಟ್ಟಿದ್ದಾಳೆ ಎಂದು ಅವಳು ನೆನೆದಳು. ಸದ್ದು ಮಾಡದೆ ಹಿಂದಿನ ಕೋಣೆಗೆ ಹೋದಳು, ದವಡೆಯನ್ನು ನೋಡಿದಳು. ಸಂಜೆ ನಾದಿನಿಯ ಕೈಗೆ ಫೋನು ಕೊಟ್ಟಳು.

“ಪಟ್ಟಣದ ಮ್ಯೂಸಿಯಮ್ಮಿಗೆ ಮಾಡು. ನಮ್ಮ ದಂಡೇಲಿ ಹಳೇ ಕಾಲದ ಮೂಳೆ ಸಿಕ್ಕಿದೆ ಅನ್ನು. ಮೈಕಲ್ಲಿ ಮಾತಾಡೋ ಹಾಗೆ ಮಾತಾಡು.”

ನಾದಿನಿ ಮಾತಾಡಿದಳು. ಮ್ಯೂಸಿಯಮ್ಮಿನವರು ಶನಿವಾರ ಬರುತ್ತೇವೆಂದರು. ಕಲ್ಲಿನಲ್ಲಿ ಪಳೆಯುಳಿಕೆ ಇರುವುದು ನಿಜವಾದರೆ, ಅಧಿಕಾರಿಯ ಒಂದು ವರದಿ ಸಾಕು, ಅಗೆಯುವ ಕೆಲಸ ನಿಲ್ಲಬೇಕು ಎಂದೂ ಹೇಳಿದರು. ಜೆಸಿಬಿ ಬರುವುದು ಸೋಮವಾರ.

ಶನಿವಾರ ಬೆಳಿಗ್ಗೆ ನಾದಿನಿ ಎಚ್ಚರಿಸಿದಳು. “ಆ ಮೂರು ಹಲ್ಲು ತೆಗೆದಿಡು ಅತ್ತಿಗೆ.”

“ಬಂದವರ ಎದುರಿಗೆ ಬೊಚ್ಚುಬಾಯಿ ಮಾಡಿ ಕೂರಿಸಲಾ? ಮೊದಲು ನೋಡ್ಲಿ, ಆಮೇಲೆ ಹೇಳಿದ್ರಾಯ್ತು,” ಎಂದಳು ಹಲ್ಲಕ್ಕ. ಇದೇ ಅವಳು ಮಾಡಿದ ಎಡವಟ್ಟು.

ಮ್ಯೂಸಿಯಂ ಮೇಡಂ ಇನ್ನೂ ಚಿಕ್ಕ ವಯಸ್ಸಿನವರು, ಶೂಗೆ ಕೆಸರು ಮೆತ್ತಿಕೊಂಡೇ ಬಂದರು. ಸಹಕಾರ ಕೊಡುವ ನೆಪದಲ್ಲಿ ಅಧ್ಯಕ್ಷರೂ ಹಿಂದೆಯೇ ಬಂದರು. ಬಂದವರು ಗೋಡೆಗೆ ಒರಗಿ, ಹಲ್ಲಕ್ಕನ ಕಡೆ ನೋಡದೆ ನಿಂತರು. “ಫೋನಲ್ಲಿ ಮಾತಾಡಿದ್ದು ನೀವೇನಾ? ಚಿಕ್ಕವಳಿದ್ದಾಗ ಈ ಊರಲ್ಲಿ ಬಸ್ಸು ಬದಲಿಸ್ತಿದ್ವಿ. ಈ ಧ್ವನಿ ನನಗೆ ಮರೆತೇ ಇಲ್ಲ!” ಎಂದು ಮೇಡಂ ನಾದಿನಿಯ ಕೈ ಹಿಡಿದುಕೊಂಡರು. ನಾದಿನಿ ಹಿಗ್ಗಿ ಹೀರೆಕಾಯಿಯಾದಳು.

ಆಮೇಲೆ ಮೇಡಂ ದವಡೆಯ ಮೇಲೆ ಬಗ್ಗಿದರು, ಎದ್ದರು, ಮತ್ತೆ ಬಗ್ಗಿದರು. ಬೆರಳು ಸಾಲಿನ ಗುಂಟ ಸಾಗಿ ನಡುವಿನ ಒಂದು ಹಲ್ಲಿನ ಮೇಲೆ ನಿಂತಿತು.

“ಅಬ್ಬಾ! ದವಡೆಯಂತೂ ಒಳ್ಳೆಯದೇ. ಆದ್ರೆ ಈ ಹಲ್ಲು... ಎಂಥ ಹಲ್ಲು! ಇಷ್ಟು ಚೆನ್ನಾಗಿ ಉಳಿದ ಹಲ್ಲು ನಾನು ನೋಡೇ ಇಲ್ಲ. ಈ ಬಣ್ಣ ನೋಡಿ, ಈ ಬಿರುಕು ನೋಡಿ. ಇದೊಂದೇ ಸಾಕು. ಇವತ್ತೇ ವರದಿ ಬರೀತೀನಿ, ಕೆಲಸ ನಿಲ್ಲಿಸಬೇಕು.”

ಅಧ್ಯಕ್ಷರ ಮುಖ ಇಂಗು ತಿಂದ ಮಂಗನ ಹಾಗಾಯಿತು. ನಾದಿನಿ ಹಿಂದಿನಿಂದ ಹಲ್ಲಕ್ಕನ ತೋಳು ಚಿವುಟಿದಳು. ಬಾಯಿ ಮುಚ್ಚಿಕೊಂಡಿರು ಎಂದು ಅರ್ಥ. ಜೀವಮಾನವಿಡೀ ಊರಿನ ತಪ್ಪು ತಿದ್ದಿದವಳು ಚಿವುಟಿದಳು.

ಹಲ್ಲಕ್ಕ ಬಾಯಿ ಮುಚ್ಚಿಕೊಂಡೇ ಇರಬೇಕೆಂದಿದ್ದಳು. ಅವಳೇನು ಸತ್ಯಸಂಧೆಯಲ್ಲ. ಆದರೆ ‘ಎಂಥ ಹಲ್ಲು’ ಎಂಬ ಮಾತು ಕಿವಿಗೆ ಬಿದ್ದಿತ್ತಲ್ಲ! ಕೇಳಲು ಅಷ್ಟು ವರ್ಷ ಕಾದ ಮಾತು. ಬಂದದ್ದೇನೋ ಬಂತು, ಹೋದದ್ದು ಮಾತ್ರ ಮೊಸಳೆಗೆ. ಸತ್ತು ಕಲ್ಲಾಗಿ ಬಿದ್ದಿದ್ದ, ಹಲ್ಲುಜ್ಜುವುದೂ ಗೊತ್ತಿಲ್ಲದ ಮೊಸಳೆಗೆ!

“ಅದು ಮೊಸಳೇದಲ್ಲ, ನಾನು ಮಾಡಿದ್ದು!” ಎಂದುಬಿಟ್ಟಳು.

ಮೇಡಂ ನಕ್ಕರು. ಹಲ್ಲಕ್ಕ ಸೀದಾ ಹೋಗಿ ಬಿಸಿನೀರಿನ ಬೋಗುಣಿ ತಂದಳು, ದವಡೆಯನ್ನು ಅದರಲ್ಲಿ ಅದ್ದಿದಳು. ಮೇಣ ಬಿಟ್ಟು ಮೂರು ಹಲ್ಲುಗಳೂ ಒಂದಾದ ಮೇಲೊಂದು ತಳಕ್ಕೆ ಇಳಿದವು. ನಾದಿನಿ ಕಣ್ಣು ಮುಚ್ಚಿಕೊಂಡಳು.

ಮೇಡಂ ಹಲ್ಲುಗಳನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದರು. ಅವರ ದನಿ ಬದಲಾಗಿತ್ತು. “ಅಮ್ಮ, ಇವು ಕೈಯಲ್ಲಿ ಮಾಡಿದ್ದಲ್ಲ. ಎಲ್ಲೋ ಸಿಕ್ಕ ನಿಜವಾದ ಹಲ್ಲನ್ನ ತಂದು ಅಂಟಿಸಿದ್ದೀರಿ. ಯಾರು ತಂದುಕೊಟ್ಟಿದ್ದು? ದವಡೆಯೂ ಹೀಗೇ ಬಂತಾ?”

“ಅಯ್ಯೋ ತಾಯಿ, ನನ್ನ ಕಸುಬೇ ಅದು! ದವಡೆ ದಂಡೇಲೇ ಸಿಕ್ಕಿದ್ದು, ನನ್ನಾಣೆ.”

“ನೋಡಿದ್ರಾ ಮೇಡಂ?” ಅಧ್ಯಕ್ಷರಿಗೆ ಜೀವ ಬಂತು. “ನಮ್ಮ ಕೆಲಸ ನಿಲ್ಲಿಸೋಕೆ ಎಲ್ಲಿಂದಲೋ ತಂದಿಟ್ಟಿದ್ದಾರೆ. ಈಯಮ್ಮ ಹಲ್ಲು ಕಟ್ಟೋದಂತೆ! ಊರಲ್ಲಿ ಯಾರ ಬಾಯಲ್ಲಿದೆ, ಒಬ್ಬರನ್ನ ತೋರಿಸಲಿ ನೋಡೋಣ.”

ಹಲ್ಲಕ್ಕ ಅವರ ಬಾಯನ್ನೇ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಇವರು ಕೆನ್ನೆ ಮುಟ್ಟಿಕೊಂಡರು. ಒಂದೇ ಒಂದು ಮಾತು ಸಾಕಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಹಲ್ಲು ತನ್ನದು, ಬಾಯಿ ಅವರದು. ಅವಳು ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದಳು.

“ಪರೀಕ್ಷೆಗೆ ಕಳಿಸ್ತೀನಿ. ಫಲಿತಾಂಶ ಬರೋಕೆ ತಿಂಗಳಾಗುತ್ತೆ,” ಎಂದು ಮೇಡಂ ಬೇಸರದಿಂದ ಚೀಲ ಎತ್ತಿಕೊಂಡರು. “ಅಲ್ಲಿವರೆಗೆ ಏನೂ ಬರೆಯೋಕಾಗಲ್ಲ.”

ತಿಂಗಳೊಳಗೆ ದಿಣ್ಣೆಯೂ ಇರುವುದಿಲ್ಲ, ಹೂವೂ ಇರುವುದಿಲ್ಲ. ನನ್ನ ಹಾಳು ಜಂಬಕ್ಕೆ ಇವಳ ಹೂ ಹೋಯಿತಲ್ಲ ಎಂದು ಹಲ್ಲಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾದಿನಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ಆಗ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿದ ಸದ್ದಾಯಿತು. ನಾದಿನಿ ಯಾವಾಗಲೋ ಎದ್ದು ಹೋಗಿದ್ದಳು. ಬಂದಾಗ ಅವಳ ಕೆನ್ನೆ ಒಳಕ್ಕೆ ಹೋಗಿತ್ತು, ತುಟಿ ಮಡಚಿಕೊಂಡಿತ್ತು. ಕೈಯಲ್ಲಿ ತೊಳೆದ ಎರಡು ಸಾಲು ಹಲ್ಲು. ಮೇಜಿನ ಮೇಲೆ ಕರವಸ್ತ್ರ ಹಾಸಿ, ಆ ಮೂರು ಹಲ್ಲುಗಳ ಪಕ್ಕದಲ್ಲಿ ಇಟ್ಟಳು. ಆಮೇಲೆ, ಊರಿಗೆ ಊರೇ ಬಲ್ಲ ಬಾಯಿ ತೆರೆದಳು.

“ನೋಫಿ. ಇವೂ ನಮ್ಮ ಅಫ್ಫಿಗೆ ಮಾಫಿಫ್ಫು.”

ತೊಳೆದಿಟ್ಟ ಪಾತ್ರೆಯಂಥ ಅಕ್ಷರಗಳೆಲ್ಲ ಗಾಳಿಯಾಗಿ ಹೋದವು. ಅಧ್ಯಕ್ಷರು ಬಾಯಿ ಮುಚ್ಚಿಕೊಂಡು ಕಿಸಕ್ಕೆಂದರು. ನಾದಿನಿ ಅವರತ್ತ ತಿರುಗಿಯೂ ನೋಡಲಿಲ್ಲ. ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ, ಮೈಕಿನಲ್ಲಿ ಸಾರುವಂತೆ ಅದೇ ಮಾತು ಹೇಳಿದಳು. ನಮ್ಮ ಅತ್ತಿಗೆ ಮಾಡಿದ್ದು. ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ, ಅಷ್ಟು ಚೆನ್ನಾಗಿ ಮಾಡಿದ್ದು.

ಮೇಡಂ ಚೀಲ ಕೆಳಗಿಟ್ಟರು. ಜೇಬಿನಿಂದ ಲೆನ್ಸ್ ತೆಗೆದು ಕರವಸ್ತ್ರದ ಮೇಲೆ ಬಗ್ಗಿದರು. ಒಂದರ ಮೇಲೊಂದು ಏರಿ ಕೂತ ಹಲ್ಲು, ಚಹಾದ ಛಾಯೆ, ಸೂಜಿಯಿಂದ ಎಳೆದ ಕೂದಲೆಳೆಯ ಬಿರುಕು. ಪಕ್ಕದ ಮೂರು ಹಲ್ಲುಗಳ ಮೇಲೂ ಅದೇ ಚಹಾ, ಅದೇ ಸೂಜಿ, ಅದೇ ಕೈ. ಒಂದನ್ನು ತಿರುಗಿಸಿ ಬುಡವನ್ನು ಪಿನ್ನಿನಿಂದ ಗೀಚಿದರು. ಮೆತ್ತನೆಯ ಪುಡಿ ಎದ್ದಿತು. ಮೇಡಂ ಗಟ್ಟಿಯಾಗಿ ನಗಲು ಶುರುಮಾಡಿದರು.

“ಲೆನ್ಸ್ ಹಿಡಿಯೋ ಮುಂಚೆ ಕುಣಿದಿದ್ದು ನನ್ನ ತಪ್ಪು. ಅಮ್ಮ, ಎಂಥ ಕೈ ನಿಮ್ಮದು! ಬನ್ನಿ, ದವಡೆ ಎಲ್ಲಿ ಸಿಕ್ತು ತೋರಿಸಿ. ಇವತ್ತು ನಾನು ಊರಿಗೆ ಹೋಗಲ್ಲ.”

ಹಲ್ಲಕ್ಕನಿಗೆ ಅದು ಕೇಳಿಸಲೇ ಇಲ್ಲ. ಅವಳು ನಾದಿನಿಯ ಬರಿದಾದ ಬಾಯನ್ನು ನೋಡುತ್ತ ನಿಂತಿದ್ದಳು. ಏನೋ ದೊಡ್ಡದನ್ನು ಹೇಳಬೇಕೆನ್ನಿಸಿತ್ತು, ಬಾಯಿಗೆ ಬಂದದ್ದು ಕಸುಬಿನ ಮಾತು.

“ಹಾಕ್ಕೊಳೇ ಬೇಗ. ಒಣಗಿದ್ರೆ ಸೊಟ್ಟ ಆಗುತ್ತೆ.”

ದಿಣ್ಣೆಯ ಬಿಳಿಕಲ್ಲಿನಲ್ಲಿ ಮೇಡಮ್ಮಿಗೆ ಅದೇ ಸಂಜೆ ಇನ್ನಷ್ಟು ಚಿಪ್ಪು, ಒಂದು ಬೆನ್ನೆಲುಬಿನ ತುಂಡು ಸಿಕ್ಕಿದವು. ವರದಿ ಹೋಯಿತು. ಸೋಮವಾರ ಜೆಸಿಬಿ ಬಂದು ಸುಮ್ಮನೆ ನಿಂತಿತು, ಚಾಲಕ ಅದರೊಳಗೇ ನಿದ್ದೆ ಮಾಡಿ ಹೋದ. ಕಟ್ಟೆ ಈಗ ಮರಳಿರುವ ಆಚೆಯ ದಂಡೆಗೆ ಹೋಗಿದೆ. ದವಡೆ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿದೆ, ಮೂರು ಸಂದು ಬಿಟ್ಟುಕೊಂಡೇ ಇದೆ. ಹಲ್ಲಕ್ಕ ಒಮ್ಮೆ ನೋಡಿ ಬಂದು, ಇನ್ನು ಅತ್ತ ಕಾಲಿಡುವುದಿಲ್ಲ ಎಂದಳು.

ನಾದಿನಿಯ ಹಲ್ಲಿನ ಸುದ್ದಿಯನ್ನು ಅಧ್ಯಕ್ಷರೇ ಊರೆಲ್ಲ ಹರಡಿದರು. ಆದದ್ದು ಮಾತ್ರ ಅವರು ಅಂದುಕೊಂಡ ಹಾಗಲ್ಲ. ಆ ಧ್ವನಿಯ ಹಲ್ಲೇ ಕಟ್ಟಿಸಿದ್ದಾದರೆ ನಮ್ಮದೇನು ಮಹಾ ಎಂದುಕೊಂಡರು ಜನ. ಒಂದು ಬೆಳಿಗ್ಗೆ ಬ್ಯಾಂಕಿನ ಗುಮಾಸ್ತ ಚಪ್ಪಲಿಗೆ ಬಗ್ಗದೆ ನಡುರಸ್ತೆಯಲ್ಲಿ ನಿಂತು ಬಾಯಿ ಅಗಲಿಸಿ, “ಅಕ್ಕ, ಇಲ್ಲೊಂಚೂರು ಸಡಿಲ ಆಗಿದೆ,” ಎಂದ. ಅಧ್ಯಕ್ಷರು ಈಗಲೂ ರಸ್ತೆ ದಾಟುತ್ತಾರೆ.

ಆಮೇಲೊಂದು ಭಾನುವಾರ ಇಬ್ಬರೂ ದಂಡೆಯಲ್ಲಿ ಕೂತಿದ್ದರು. ನೀಲಿ ಹೂ ಮುಳ್ಳುಗಳ ನಡುವೆ ಅರಳಿತ್ತು. ನಾದಿನಿ ಕೆನ್ನೆ ಹಿಡಿದುಕೊಂಡಳು.

“ಅತ್ತಿಗೆ.”

ಹಲ್ಲಕ್ಕ ಅಭ್ಯಾಸದಂತೆ ಚೀಲದಲ್ಲಿ ಲವಂಗದ ಡಬ್ಬಿ ಹುಡುಕಿದಳು.

“ಲವಂಗ ಬೇಡ,” ಎಂದಳು ನಾದಿನಿ, ಸಮುದ್ರದ ಕಡೆ ನೋಡುತ್ತ. “ಕೆಳಗಡೆ ಬಲಕ್ಕೆ ಒತ್ತುತ್ತೆ. ಸ್ವಲ್ಪ ಉಜ್ಜಿಕೊಡು.”

ಹಲ್ಲು ಬಿಚ್ಚಿ ಅತ್ತಿಗೆಯ ಅಂಗೈಯಲ್ಲಿಟ್ಟಳು. ಹಲ್ಲಕ್ಕ ಚೀಲದಿಂದ ಸಣ್ಣ ಅರ ತೆಗೆದಳು.